ಮೆಶ್ ಸಣ್ಣದು ಮಾಡಿದಷ್ಟೂ ಸ್ಟ್ರೆಸ್ ಏರುತ್ತಿದೆ, ಯಾವ ಅಂಕಿ ನಂಬಲಿ?

ಪ್ರಶ್ನೆ: ದಾವಣಗೆರೆಯ ಒಂದು ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ಡಿಸೈನ್ ಕೆಲಸ ನೋಡಿಕೊಳ್ಳುತ್ತೇನೆ. ಚಿತ್ರದುರ್ಗದ ಹತ್ತಿರದ ಹಾರುಬೂದಿ ಇಟ್ಟಿಗೆ ಘಟಕದಿಂದ ಹೈಡ್ರಾಲಿಕ್ ಪ್ರೆಸ್ ಒಂದು ರಿಪೇರಿಗೆ ಬಂದಿದೆ. ಅದರ ಎರಡೂ ಪಕ್ಕದ ಟೈ ಪ್ಲೇಟುಗಳು 200 ಮಿ.ಮೀ. ಅಗಲ, 10 ಮಿ.ಮೀ. ದಪ್ಪ, ಇ250 ದರ್ಜೆಯ ಉಕ್ಕು. ಆಯಿಲ್ ಪೈಪ್ ಹಾಯಿಸಲು ಯಾರೋ ನಡುಮಧ್ಯೆ 40 ಮಿ.ಮೀ. ತೂತನ್ನು ಗ್ಯಾಸ್ ಕಟ್ಟರಿನಲ್ಲಿ ತೆಗೆದಿದ್ದಾರೆ. ಒಂದು ಪ್ಲೇಟಿನಲ್ಲಿ ತೂತಿನ ಒಂದು ಬದಿಯಿಂದ ಅಡ್ಡಕ್ಕೆ 6 ಮಿ.ಮೀ. ಬಿರುಕು ಬಿಟ್ಟಿದೆ. ಪ್ರತಿ ಸ್ಟ್ರೋಕಿಗೂ ಒಂದೊಂದು ಪ್ಲೇಟಿಗೆ 120 ಕಿಲೋನ್ಯೂಟನ್ ಎಳೆತ, ದಿನಕ್ಕೆ ಸುಮಾರು 1,500 ಸ್ಟ್ರೋಕ್. ಕಂಪ್ಯೂಟರಿನಲ್ಲಿ ಫೈನೈಟ್ ಎಲಿಮೆಂಟ್ ಲೆಕ್ಕಕ್ಕೆ ಪ್ಲೇಟಿನ ಕಾಲುಭಾಗದ ಮಾಡೆಲ್ ಮಾಡಿ, ಅದನ್ನು ಸಣ್ಣ ತುಂಡುಗಳ (ಎಲಿಮೆಂಟ್) ಬಲೆಯಾಗಿ, ಅಂದರೆ ಮೆಶ್ ಆಗಿ, ಒಡೆದು ನೋಡಿದೆ. 2 ಮಿ.ಮೀ. ಮೆಶ್‌ನಲ್ಲಿ ಬಿರುಕಿನ ತುದಿಗೆ 335 ಮೆಗಾಪಾಸ್ಕಲ್ ಸ್ಟ್ರೆಸ್, 1 ಮಿ.ಮೀ.ಗೆ 474, ಅರ್ಧ ಮಿ.ಮೀ.ಗೆ 670 ಬಂತು. ಉಕ್ಕಿನ ಯೀಲ್ಡ್, ಅಂದರೆ ಅದು ಶಾಶ್ವತವಾಗಿ ಹಿಗ್ಗಲು ಶುರುವಾಗುವ ಸ್ಟ್ರೆಸ್, ಬರೀ 250. ಹಾಗಿದ್ದರೆ ಪ್ಲೇಟ್ ಇನ್ನೂ ಹೇಗೆ ನಿಂತಿದೆ? ಮೆಶ್ ಇನ್ನೂ ಸಣ್ಣದು ಮಾಡಬೇಕೆ? ಬಿರುಕಿಗೆ ವೆಲ್ಡ್ ತುಂಬಿ ಕಳಿಸಿದರೆ ನಡೆಯುತ್ತದೆಯೆ?

ಉತ್ತರ: ಮೂರರಲ್ಲಿ ಯಾವುದನ್ನೂ ನಂಬಬೇಡಿ. ಕಾಲು ಮಿ.ಮೀ. ಮೆಶ್ ಹಾಕಿದರೆ ಸುಮಾರು 950 ಬರುತ್ತದೆ, ಅದೂ ಸುಳ್ಳೇ. 474ನ್ನು 335ರಿಂದ, 670ನ್ನು 474ರಿಂದ ಭಾಗಿಸಿ ನೋಡಿ. ಎರಡೂ ಸಲ 1.41 ಸಿಗುತ್ತದೆ, ಅಂದರೆ 2ರ ವರ್ಗಮೂಲ. ಎಲಾಸ್ಟಿಕ್ ಲೆಕ್ಕದಲ್ಲಿ ಬಿರುಕಿನ ತುದಿಗೆ ಹತ್ತಿರವಾದಂತೆ ಸ್ಟ್ರೆಸ್ಸು ದೂರದ ವರ್ಗಮೂಲಕ್ಕೆ ವಿಲೋಮವಾಗಿ ಏರುತ್ತದೆ, ತುದಿಯಲ್ಲಿ ಅದಕ್ಕೆ ಮಿತಿಯೇ ಇಲ್ಲ. ನಿಮ್ಮ ಎಲಿಮೆಂಟ್ ಅರ್ಧವಾದಾಗ ಓದುವ ಜಾಗ ತುದಿಗೆ ಅರ್ಧ ಹತ್ತಿರವಾಯಿತು, ಅಂಕಿ 1.41 ಪಟ್ಟಾಯಿತು. ಸಾಫ್ಟ್‌ವೇರ್ ತಪ್ಪು ಮಾಡಿಲ್ಲ. ಉತ್ತರವೇ ಇಲ್ಲದ ಪ್ರಶ್ನೆಯನ್ನು ಅದಕ್ಕೆ ಕೇಳಿದ್ದೀರಿ.

1913ರಲ್ಲಿ ಇಂಗ್ಲಿಸ್ ದೀರ್ಘವೃತ್ತಾಕಾರದ ತೂತಿಗೆ ಕೊಟ್ಟ ಸೂತ್ರದಲ್ಲೇ ಇದು ಅಡಗಿದೆ. ಎಳೆತಕ್ಕೆ ಅಡ್ಡವಾದ ಅರ್ಧ ಅಗಲವನ್ನು ಎಳೆತದ ದಿಕ್ಕಿನ ಅರ್ಧ ಉದ್ದದಿಂದ ಭಾಗಿಸಿ, 2ರಿಂದ ಗುಣಿಸಿ, 1 ಕೂಡಿಸಿ. ಅಂಚಿನಲ್ಲಿ ಸ್ಟ್ರೆಸ್ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ದುಂಡು ತೂತಿಗೆ 3. ತೂತು ಎಳೆತದ ದಿಕ್ಕಿನಲ್ಲಿ ಕಿರಿದಾಗುತ್ತಾ ಬಿರುಕಾದರೆ ಅನಂತ. ಹಾಗಾಗಿ ತೂತಿಗೂ ಬಿರುಕಿಗೂ ಕೇಳಬೇಕಾದ ಪ್ರಶ್ನೆಗಳೇ ಬೇರೆ. ತೂತಿಗೆ ಗರಿಷ್ಠ ಸ್ಟ್ರೆಸ್ ಎಷ್ಟೆಂದು ಕೇಳಬಹುದು. ಬಿರುಕಿಗೆ ಸ್ಟ್ರೆಸ್ ಇಂಟೆನ್ಸಿಟಿ ಫ್ಯಾಕ್ಟರ್, ಅಂದರೆ ಕೆ, ಎಷ್ಟೆಂದು ಕೇಳಬೇಕು. ಇರ್ವಿನ್ 1957ರಲ್ಲಿ ತೋರಿಸಿಕೊಟ್ಟಂತೆ ತುದಿಯ ಸುತ್ತ ಸ್ಟ್ರೆಸ್ ಹರಡುವ ರೀತಿ ಎಲ್ಲ ಬಿರುಕುಗಳಲ್ಲೂ ಒಂದೇ, ಬದಲಾಗುವುದು ಅದರ ಪ್ರಮಾಣ ಮಾತ್ರ. ಆ ಪ್ರಮಾಣವೇ ಕೆ. ಮೆಶ್ ಬದಲಿಸಿದರೂ ಅದು ನಿಲ್ಲುತ್ತದೆ.

ಮೊದಲು ಬಿರುಕು ಅಳಿಸಿ, ಬರೀ ತೂತಿನ ಪ್ಲೇಟನ್ನು ಸರಿಯಾಗಿ ಬಿಡಿಸಿ. ಈ ಹೆಜ್ಜೆ ಬಿಟ್ಟು ನೇರ ಬಿರುಕಿಗೆ ಹೋದವರ ಮಾಡೆಲ್‌ನಲ್ಲಿ ಲೋಡೋ ಯೂನಿಟ್ಟೋ ತಪ್ಪಿದ್ದರೂ ಗೊತ್ತಾಗುವುದಿಲ್ಲ. ಕೈಲೆಕ್ಕ ಹೀಗೆ: 1,20,000 ನ್ಯೂಟನ್ನನ್ನು 200 × 10ರಿಂದ ಭಾಗಿಸಿದರೆ ತೂತಿನಿಂದ ದೂರದಲ್ಲಿ 60 ಮೆಗಾಪಾಸ್ಕಲ್. ತೂತು ಕಳೆದು ಉಳಿದ 160 ಮಿ.ಮೀ. ಅಗಲದ ಮೇಲೆ ಸರಾಸರಿ 75. ಕಿರ್ಷ್ 1898ರಲ್ಲಿ ಕೊಟ್ಟ 3 ಪಟ್ಟು ಅನ್ನುವುದು ಅಪಾರ ಅಗಲದ ಪ್ಲೇಟಿಗೆ. ನಿಮ್ಮದರಲ್ಲಿ ತೂತು ಅಗಲದ ಐದನೇ ಒಂದು ಭಾಗ, ಉಳಿದ ಅಗಲದ ಸರಾಸರಿಯ ಮೇಲೆ ಗುಣಾಂಕ 2.51 ಆಗುತ್ತದೆ. 75 × 2.51 = 188. ನಿಮ್ಮ ಮಾಡೆಲ್ ತೂತಿನ ಬದಿಯ ಅಂಚಿನಲ್ಲಿ 185ರಿಂದ 191ರೊಳಗೆ ತೋರಿಸಬೇಕು, ಮೆಶ್ ಸಣ್ಣದು ಮಾಡಿದರೆ ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಮುಂದೆ ಹೋಗಬೇಡಿ.

ಇನ್ನೊಂದು ಪರೀಕ್ಷೆಯೂ ಇದೆ, ಇದನ್ನು ಯಾರೂ ಮಾಡುವುದಿಲ್ಲ. ತೂತಿನ ಮೇಲ್ತುದಿಯಲ್ಲಿ, ಎಳೆತದ ರೇಖೆ ತೂತನ್ನು ಮುಟ್ಟುವ ಕಡೆ, ಅಂಚಿನ ಉದ್ದಕ್ಕಿರುವ ಸ್ಟ್ರೆಸ್ ನೋಡಿ. ಅದು ಎಳೆತವಲ್ಲ, ಸಂಕೋಚನ: ಮೈನಸ್ 60ರಿಂದ 70ರ ನಡುವೆ ಇರಬೇಕು. ಅಲ್ಲಿ ಪ್ಲಸ್ ಅಂಕಿ ಅಥವಾ ಸೊನ್ನೆ ಬಂದರೆ ಸಿಮೆಟ್ರಿ ಕಟ್ಟಿದ್ದು, ಅಂದರೆ ಮಾಡೆಲ್ ಕತ್ತರಿಸಿದ ರೇಖೆಗಳಲ್ಲಿ ಚಲನೆ ತಡೆದದ್ದು, ತಪ್ಪಿದೆ. ಎಲ್ಲ ದಿಕ್ಕಿನ ಸ್ಟ್ರೆಸ್ಸನ್ನೂ ಒಂದೇ ಅಂಕಿಯಾಗಿಸುವ ವಾನ್ ಮೈಸಿಸ್ ಬಣ್ಣದ ಚಿತ್ರ ಮಾತ್ರ ನೋಡುವವರಿಗೆ ಈ ತಪ್ಪು ಕಾಣದು, ವಾನ್ ಮೈಸಿಸ್‌ಗೆ ಮೈನಸ್ ಇಲ್ಲವಲ್ಲ.

ಮೆಶ್ ವಿಷಯದಲ್ಲಿ ಎಲಿಮೆಂಟಿನ ಜಾತಿ ಮೊದಲು, ಗಾತ್ರ ಆಮೇಲೆ. ಎಲಿಮೆಂಟುಗಳು ಒಂದಕ್ಕೊಂದು ಕೂಡುವ ಬಿಂದುಗಳೇ ನೋಡ್. ಮೂರು ನೋಡ್‌ಗಳ ತ್ರಿಕೋನ ಬಳಸಿದರೆ ಒಂದು ಎಲಿಮೆಂಟ್ ಪೂರ್ತಿಗೆ ಒಂದೇ ಸ್ಟ್ರೆಸ್, ಅದು ಮಧ್ಯದ ಬೆಲೆಗೆ ಹತ್ತಿರ. ತೂತಿನ ಅಂಚಿನಿಂದ ಬರೀ 2 ಮಿ.ಮೀ. ಒಳಗೆ ಹೋದರೆ ಕಿರ್ಷ್ ಗುಣಾಂಕ 3ರಿಂದ 2.44ಕ್ಕೆ ಇಳಿದಿರುತ್ತದೆ, 10 ಮಿ.ಮೀ. ಒಳಗೆ 1.52. ಅಂಚಿಗೆ 4 ಮಿ.ಮೀ. ತ್ರಿಕೋನ ಇಟ್ಟವರಿಗೆ ಸುಮಾರು ಶೇ 20 ಕಡಿಮೆ ಅಂಕಿ ಸಿಕ್ಕಿ, ಪ್ಲೇಟು ತಾನಿರುವುದಕ್ಕಿಂತ ಗಟ್ಟಿ ಅನ್ನಿಸುತ್ತದೆ. ಎಂಟು ನೋಡ್‌ಗಳ ಚೌಕ ತೆಗೆದುಕೊಳ್ಳಿ, ಪ್ಲೇನ್ ಸ್ಟ್ರೆಸ್ (ದಪ್ಪದ ದಿಕ್ಕಿನಲ್ಲಿ ಸ್ಟ್ರೆಸ್ ಇಲ್ಲವೆಂದು ಹಿಡಿಯುವ ಎರಡು ಆಯಾಮದ ಲೆಕ್ಕ), ದಪ್ಪ 10. ಕಾಲು ವೃತ್ತಕ್ಕೆ 12ರಿಂದ 16 ಎಲಿಮೆಂಟ್, ಮೊದಲ ಸುತ್ತು 1.5ರಿಂದ 2 ಮಿ.ಮೀ. ದಪ್ಪ, ಹೊರಕ್ಕೆ ಹೋದಂತೆ ದೊಡ್ಡದಾಗಲಿ. ಇಷ್ಟೇ ಸಾಕು. ಲಕ್ಷಗಟ್ಟಲೆ ಎಲಿಮೆಂಟಿನ ಮೂರು ಆಯಾಮದ ಮಾಡೆಲ್ ಇಲ್ಲಿ ಬೇಕಿಲ್ಲ. ಪ್ಲೇಟಿನ ಉದ್ದ ತೂತಿನಿಂದ ಆಚೀಚೆ ಅಗಲದಷ್ಟಾದರೂ ಇರಲಿ.

ಈಗ ಬಿರುಕು. ಕಾಲುಭಾಗದ ಮಾಡೆಲ್ ಇಲ್ಲಿ ನಡೆಯದು. ಎಡ ಬಲ ಸಿಮೆಟ್ರಿ ಕಟ್ಟಿದ ಕೂಡಲೇ ತೂತಿನ ಎರಡೂ ಬದಿಗೆ 6 ಮಿ.ಮೀ. ಬಿರುಕಿರುವ ಪ್ಲೇಟನ್ನು ಬಿಡಿಸಿದಂತಾಯಿತು, ನಿಮ್ಮ ಪ್ಲೇಟಿನಲ್ಲಿ ಇರುವುದು ಒಂದೇ ಬದಿಗೆ. ಬಿರುಕಿನ ರೇಖೆಯ ಮೇಲೆ ಕತ್ತರಿಸಿ ಮೇಲಿನ ಅರ್ಧ ಮಾತ್ರ ತೆಗೆದುಕೊಳ್ಳಿ, ಅಗಲ ಪೂರ್ತಿ 200 ಇರಲಿ. ಕತ್ತರಿಸಿದ ರೇಖೆಯಲ್ಲಿ ಗಟ್ಟಿ ಲೋಹ ಇರುವ ಕಡೆಯೆಲ್ಲ ಲಂಬ ಚಲನೆ ಸೊನ್ನೆ. ತೂತಿನ ಅಂಚಿನಿಂದ ಬಿರುಕಿನ ತುದಿಯವರೆಗಿನ 6 ಮಿ.ಮೀ. ಮಾತ್ರ ಸ್ವತಂತ್ರ. ತುದಿಯ ನೋಡ್ ಕಟ್ಟಿರಬೇಕು, ಅದರ ಪಕ್ಕದ ಬಿರುಕಿನ ಮೇಲಿನ ಮಿಡ್‌ಸೈಡ್ ನೋಡ್ (ಎಲಿಮೆಂಟಿನ ಬದಿಯ ನಡುವಿನದು) ಬಿಟ್ಟಿರಬೇಕು. ಆ ಒಂದು ಮಿಡ್‌ಸೈಡ್ ನೋಡನ್ನು ಬಿಡಲು ಮರೆಯುವುದು ಈ ಲೆಕ್ಕದ ಅತಿ ಸಾಮಾನ್ಯ ತಪ್ಪು. ಬಿರುಕು ಒಂದು ಎಲಿಮೆಂಟಿನಷ್ಟು ಗಿಡ್ಡವಾಗುತ್ತದೆ, ಕೆ ಕಡಿಮೆ ಬರುತ್ತದೆ, ಚಿತ್ರ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಅಡ್ಡ ಚಲನೆಗೆ ಯಾವುದಾದರೂ ಒಂದೇ ನೋಡ್ ಕಟ್ಟಿ.

ತುದಿಯ ಸುತ್ತ ಕ್ವಾರ್ಟರ್ ಪಾಯಿಂಟ್ ಎಲಿಮೆಂಟ್ ಹಾಕಿ. ಇದು 1975, 76ರಲ್ಲಿ ಹೆನ್ಶೆಲ್ ಮತ್ತು ಶಾ ಒಂದು ಕಡೆ, ಬಾರ್ಸೂಮ್ ಇನ್ನೊಂದು ಕಡೆ ಕಂಡುಕೊಂಡ ಉಪಾಯ. ಎಂಟು ನೋಡ್‌ಗಳ ಚೌಕದ ಒಂದು ಬದಿಯನ್ನು ತುದಿಗೆ ಕುಗ್ಗಿಸಿ ತ್ರಿಕೋನ ಮಾಡುವುದು, ತುದಿಯಿಂದ ಹೊರಡುವ ಬದಿಗಳ ಮಿಡ್‌ಸೈಡ್ ನೋಡನ್ನು ಮಧ್ಯದಿಂದ ತುದಿಯ ಕಡೆಗೆ ಕಾಲು ದೂರಕ್ಕೆ ಸರಿಸುವುದು. ಇಷ್ಟರಿಂದಲೇ ಎಲಿಮೆಂಟಿನೊಳಗೆ ಆ ವರ್ಗಮೂಲದ ಏರಿಕೆ ತಾನಾಗಿ ಬರುತ್ತದೆ. ಅರ್ಧ ಮಾಡೆಲ್‌ಗೆ ತುದಿಯ ಸುತ್ತ 8 ತ್ರಿಕೋನ, ಒಂದೊಂದರ ಉದ್ದ 0.3ರಿಂದ 0.6 ಮಿ.ಮೀ., ಅಂದರೆ ಬಿರುಕಿನ ಉದ್ದದ ಇಪ್ಪತ್ತನೆಯಿಂದ ಹತ್ತನೇ ಒಂದು ಭಾಗ. ಆನ್ಸಿಸ್, ಅಬಾಕಸ್‌ನಲ್ಲಿ ಇದಕ್ಕೆ ಸಿದ್ಧ ಆಯ್ಕೆ ಇದೆ. ಕ್ಯಾಲ್ಕುಲಿಕ್ಸ್‌ನಂಥ ಉಚಿತ ಸಾಫ್ಟ್‌ವೇರ್ ಬಳಸುವುದಾದರೆ ಇನ್‌ಪುಟ್ ಫೈಲಿನಲ್ಲಿ ಆ ನೋಡ್‌ಗಳ ಸ್ಥಾನ ನೀವೇ ತಿದ್ದಬಹುದು, ಹತ್ತಾರು ನೋಡ್‌ಗಳ ಕೆಲಸ.

ಕೆ ತೆಗೆಯಲು ಜೆ ಇಂಟೆಗ್ರಲ್, ಅಂದರೆ ಬಿರುಕು ಮುಂದುವರಿದರೆ ಬಿಡುಗಡೆಯಾಗುವ ಶಕ್ತಿಯ ಅಳತೆ, ಉತ್ತಮ. ರೈಸ್ 1968ರಲ್ಲಿ ಕೊಟ್ಟ ಈ ಇಂಟೆಗ್ರಲ್‌ನ ಸೊಗಸೆಂದರೆ ತುದಿಯ ಸುತ್ತ ಯಾವ ಬಳಸು ದಾರಿಯಲ್ಲಿ ಲೆಕ್ಕ ಹಾಕಿದರೂ ಬೆಲೆ ಒಂದೇ, ತುದಿಯ ಕೆಟ್ಟ ಅಂಕಿಗಳನ್ನು ಮುಟ್ಟಬೇಕಿಲ್ಲ. ಐದು ಸುತ್ತು ಕೇಳಿ, ಮೊದಲನೆಯದನ್ನು ಬಿಡಿ, ಉಳಿದವು ಶೇ 1ರಿಂದ 2ರೊಳಗೆ ಹೊಂದಬೇಕು. ನಿಮ್ಮ ಪ್ಲೇಟಿಗೆ ಜೆ ಪ್ರತಿ ಮಿ.ಮೀ.ಗೆ ಸುಮಾರು 1.6 ನ್ಯೂಟನ್ ಬರಬೇಕು. ಅದನ್ನು ಉಕ್ಕಿನ ಎಲಾಸ್ಟಿಕ್ ಮಾಡ್ಯುಲಸ್ 2,00,000ರಿಂದ ಗುಣಿಸಿ ವರ್ಗಮೂಲ ತೆಗೆದರೆ ಕೆ ಸುಮಾರು 565 ಮೆಗಾಪಾಸ್ಕಲ್ √ಮಿ.ಮೀ. 31.6ರಿಂದ ಭಾಗಿಸಿದರೆ 17.9 ಮೆಗಾಪಾಸ್ಕಲ್ √ಮೀಟರ್. ಪುಸ್ತಕದ ಕೋಷ್ಟಕಗಳೆಲ್ಲ √ಮೀಟರ್‌ನಲ್ಲಿ, ಸಾಫ್ಟ್‌ವೇರ್ ಉತ್ತರ √ಮಿ.ಮೀ.ನಲ್ಲಿ ಇರುತ್ತದೆ. ಈ 31.6 ಮರೆತು ಪ್ಲೇಟನ್ನು ಗುಜರಿಗೆ ಹಾಕಿಸಿದವರೂ ಇದ್ದಾರೆ. ಜೆ 0.8 ಬಂದರೆ ಗಾಬರಿ ಬೇಡ. ಅರ್ಧ ಮಾಡೆಲ್ ಎಂದು ಸಾಫ್ಟ್‌ವೇರಿಗೆ ಹೇಳಿಲ್ಲ, ಎರಡರಿಂದ ಗುಣಿಸಿ.

ಜೆ ಸೌಲಭ್ಯ ಇಲ್ಲದಿದ್ದರೆ ಬಿರುಕಿನ ಮುಖ ಎಷ್ಟು ತೆರೆದಿದೆ ಎಂಬುದರಿಂದ ತೆಗೆಯಬಹುದು. ತುದಿಯಿಂದ 0.5 ಮಿ.ಮೀ. ಹಿಂದಿನ ಮುಖದ ನೋಡ್ ಮೇಲಕ್ಕೆ ಸುಮಾರು 0.0032 ಮಿ.ಮೀ. ಸರಿದಿರಬೇಕು. ಆ ಚಲನೆಯನ್ನು ಮಾಡ್ಯುಲಸ್‌ನಿಂದ ಗುಣಿಸಿ, 4ರಿಂದ ಭಾಗಿಸಿ, 6.283ನ್ನು ದೂರದಿಂದ ಭಾಗಿಸಿದ್ದರ ವರ್ಗಮೂಲದಿಂದ ಗುಣಿಸಿದರೆ ಅದೇ 565ರ ಆಸುಪಾಸು ಬರುತ್ತದೆ.

ಈ 17.9ಕ್ಕೆ ಕೈಲೆಕ್ಕದ ಸಾಕ್ಷಿಯೂ ಬೇಕು. ಬೋವಿ 1956ರಲ್ಲಿ ತೂತಿನಿಂದ ಹೊರಟ ಬಿರುಕಿಗೆ ಕೊಟ್ಟ ಗುಣಾಂಕ, ಬಿರುಕು ತ್ರಿಜ್ಯದ 0.3 ಪಟ್ಟಿದ್ದಾಗ, ಒಂದು ಬದಿಗೆ 2.04, ಎರಡೂ ಬದಿಗೆ 2.15. 60 × √(3.1416 × 0.006) × 2.04 = 16.8. ಪ್ಲೇಟಿನ ಸೀಮಿತ ಅಗಲಕ್ಕೆ ಶೇ 6ಕ್ಕಿಂತ ತುಸು ಹೆಚ್ಚು ಸೇರಿಸಿದರೆ 17.9. ಇದಕ್ಕಿಂತ ಒರಟಾದರೂ ಬಲು ಉಪಯೋಗಿ ಲೆಕ್ಕ ಇನ್ನೊಂದಿದೆ: ತೂತು, ಬಿರುಕು ಎರಡನ್ನೂ ಸೇರಿಸಿ 46 ಮಿ.ಮೀ.ನ ಒಂದೇ ಬಿರುಕು ಎಂದುಕೊಳ್ಳಿ. ಅರ್ಧ 23, ಕೆ 16.1, ಅಗಲದ ತಿದ್ದುಪಡಿ ಸೇರಿ 16.7. ಬಿರುಕು ಚಿಕ್ಕದಿದ್ದರೂ ಅದರ ಬೆನ್ನಿಗೆ ತೂತು ಇರುವುದರಿಂದ ಅದು ದೊಡ್ಡ ಬಿರುಕಿನಂತೆಯೇ ವರ್ತಿಸುತ್ತದೆ. 6 ಮಿ.ಮೀ. ತಾನೇ ಎಂದು ಉಡಾಫೆ ಮಾಡುವ ಮಾಲೀಕರಿಗೆ ಈ 46ನ್ನು ತೋರಿಸಿ.

ಇನ್ನು, 250 ಯೀಲ್ಡ್ ದಾಟಿಯೂ ಪ್ಲೇಟ್ ಏಕೆ ನಿಂತಿದೆ ಎಂಬ ಪ್ರಶ್ನೆ. ತುದಿಯಲ್ಲಿ ಒಂದೂವರೆ ಮಿ.ಮೀ.ನಷ್ಟು ಜಾಗ ಯೀಲ್ಡ್ ಆಗಿದೆ ನಿಜ, ಆದರೆ ಅದರ ಸುತ್ತ ಎಲಾಸ್ಟಿಕ್ ಲೋಹ ಬಿಗಿಹಿಡಿದಿದೆ. ಒಂದೇ ಏಟಿಗೆ ಒಡೆಯಲು ಕೆ ಲೋಹದ ಫ್ರಾಕ್ಚರ್ ಟಫ್‌ನೆಸ್ ಮುಟ್ಟಬೇಕು. ನಮ್ಮ ಹವೆಯಲ್ಲಿ ಸಾಧಾರಣ ಮೈಲ್ಡ್ ಸ್ಟೀಲ್ ಪ್ಲೇಟಿಗೆ ಅದು 18ಕ್ಕಿಂತ ಬಹಳ ಮೇಲಿದೆ. ಚಳಿ ದೇಶಗಳಲ್ಲಿ ಉಕ್ಕು ಗಾಜಿನಂತೆ ಸೀಳುವ ಭಯ ಚಿತ್ರದುರ್ಗದ ಡಿಸೆಂಬರಿಗೆ ಅನ್ವಯಿಸದು. ಇಲ್ಲಿನ ಶತ್ರು ಫಟೀಗ್, ಅಂದರೆ ಲೋಡ್ ಮತ್ತೆ ಮತ್ತೆ ಏರಿಳಿದು ಬಿರುಕು ಬೆಳೆಯುವುದು.

ಪ್ಯಾರಿಸ್ ಮತ್ತು ಎರ್ಡೊಗನ್ 1963ರಲ್ಲಿ ಹೇಳಿದ ನಿಯಮವನ್ನು ಸಾಧಾರಣ ಸ್ಟ್ರಕ್ಚರಲ್ ಉಕ್ಕಿಗೆ ಹಾಕಿದರೆ, ಪ್ರತಿ ಸ್ಟ್ರೋಕಿಗೆ ಬಿರುಕು ಬೆಳೆಯುವುದು 6.9 × 10⁻¹² ಮೀಟರ್ ಗುಣಿಲೆ ಕೆ ಏರಿಳಿತದ ಘನ. ನಿಮ್ಮ ಪ್ರೆಸ್ಸಿನಲ್ಲಿ ಲೋಡ್ ಸೊನ್ನೆಯಿಂದ ಪೂರ್ತಿಗೆ ಹೋಗಿ ಬರುತ್ತದೆ, ಏರಿಳಿತ 17.9. ಸ್ಟ್ರೋಕಿಗೆ 0.00004 ಮಿ.ಮೀ. ಬೆಳವಣಿಗೆ, ಒಂದು ಮಿ.ಮೀ.ಗೆ 25,000 ಸ್ಟ್ರೋಕ್, ದಿನಕ್ಕೆ 1,500ರಂತೆ ಹದಿನೇಳು ದಿನ. ಬಿರುಕು 20 ಮಿ.ಮೀ. ಆದಾಗ ಕೆ 22.7, ಒಂದು ಮಿ.ಮೀ.ಗೆ 12,400 ಸ್ಟ್ರೋಕ್ ಸಾಕು. 6ರಿಂದ 20ಕ್ಕೆ ಮುಟ್ಟಲು ಒಟ್ಟು ಎರಡೂವರೆ ಲಕ್ಷ ಸ್ಟ್ರೋಕಿನ ಆಸುಪಾಸು, ಐದೂವರೆ ತಿಂಗಳು. ಇದನ್ನು ಗ್ಯಾರಂಟಿ ಎಂದು ಓದಬೇಡಿ. ಕೆಯಲ್ಲಿ ಶೇ 10 ವ್ಯತ್ಯಾಸವಾದರೆ ವೇಗದಲ್ಲಿ ಶೇ 33 ವ್ಯತ್ಯಾಸ, ಘನದ ಮಹಿಮೆ.

ಆದ್ದರಿಂದ ಮೆಶ್‌ಗಿಂತ ಲೋಡಿನ ಖಚಿತತೆ ಮುಖ್ಯ. 120 ಕಿಲೋನ್ಯೂಟನ್ ಎಂಬುದು ಪಂಪಿನ ಗೇಜ್ ನೋಡಿ ಇಬ್ಬಾಗ ಮಾಡಿದ ಅಂಕಿಯಾದರೆ ಅಳತೆ ಮಾಡಿ. ತೂತಿನಿಂದ 200 ಮಿ.ಮೀ. ದೂರದಲ್ಲಿ ಪ್ಲೇಟಿನ ಎರಡೂ ಮುಖಕ್ಕೆ ಒಂದೊಂದು ಸ್ಟ್ರೇನ್ ಗೇಜ್ ಅಂಟಿಸಿ. 60 ಮೆಗಾಪಾಸ್ಕಲ್ ಎಂದರೆ 300 ಮೈಕ್ರೋಸ್ಟ್ರೇನ್, ಅಂದರೆ ಹತ್ತು ಲಕ್ಷಕ್ಕೆ 300 ಭಾಗ ಹಿಗ್ಗುವಿಕೆ. ಒಂದು ಮುಖಕ್ಕೆ 420, ಇನ್ನೊಂದಕ್ಕೆ 180 ಬಂದರೆ ಸರಾಸರಿ ಸರಿ, ಆದರೆ ಪ್ಲೇಟ್ ಬಾಗುತ್ತಿದೆ, ಪ್ಲೇನ್ ಸ್ಟ್ರೆಸ್ ಮಾಡೆಲ್ ಅದನ್ನು ಕಾಣದು. ಪ್ಲೇಟಿನ ತುದಿ ಒಂದೇ ಪಿನ್ನಿನಲ್ಲಿ ತೂಗಿದೆಯೋ ಬೋಲ್ಟುಗಳಿಂದ ಬಿಗಿದಿದೆಯೋ ಅದನ್ನೂ ನೋಡಿ. ಪಿನ್ನಾದರೆ ಒಂದು ಬದಿ ಬಿರುಕು ಬೆಳೆದಂತೆ ಪ್ಲೇಟ್ ತಿರುಗಿ ಕೆ ಇನ್ನೂ ಏರುತ್ತದೆ, ಮೇಲಂಚಿಗೆ ಏಕರೂಪ ಎಳೆತ ಕೊಡಿ. ಬಿಗಿದಿದ್ದರೆ ಏಕರೂಪ ಚಲನೆ ಕೊಡಿ. 6 ಮಿ.ಮೀ.ಗೆ ಎರಡರ ನಡುವೆ ಅಂತರ ಅಲ್ಪ, 40 ದಾಟಿದರೆ ಅಲ್ಪವಲ್ಲ.

ಈಗ ವೆಲ್ಡ್. ಬೇಡ. ನಮ್ಮ ಕಡೆ ಬಿರುಕು ಕಂಡರೆ ವಿ ಆಕಾರಕ್ಕೆ ಗ್ರೈಂಡ್ ಮಾಡಿ ತುಂಬುವುದು ಅಭ್ಯಾಸ, ನೋಡಲು ಹೊಸದರಂತಾಗುತ್ತದೆ. ವೆಲ್ಡ್ ತಣ್ಣಗಾಗುವಾಗ ಸುತ್ತಲಿನ ಪ್ಲೇಟ್ ಅದನ್ನು ಕುಗ್ಗಲು ಬಿಡದು, ಯೀಲ್ಡ್ ಹತ್ತಿರದ ಎಳೆತ ಅಲ್ಲೇ ಉಳಿದುಬಿಡುತ್ತದೆ. ಆಮೇಲೆ ಪ್ರೆಸ್ ಸುಮ್ಮನಿದ್ದಾಗಲೂ ಆ ಜಾಗ ಎಳೆತದಲ್ಲೇ ಇರುತ್ತದೆ. ಬಿರುಕು ಬೆಳೆಯಲು ಬೇಕಾದ ಕನಿಷ್ಠ ಕೆ ಏರಿಳಿತ ಮೈಲ್ಡ್ ಸ್ಟೀಲಿಗೆ 6ರ ಸುಮಾರು ಇದ್ದದ್ದು ಇಂಥ ಸ್ಥಿತಿಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ವೆಲ್ಡಿನ ಬೇರಿನಲ್ಲಿ (ತಳದಲ್ಲಿ) ಬೆಸೆಯದೆ ಉಳಿದ ಒಂದು ಮಿ.ಮೀ. ಸಾಕು, ಅದೂ ತೂತಿನ ಅಂಚಿನಲ್ಲೇ. ಸುತ್ತ ತೇಪೆ ಪ್ಲೇಟ್ ಇಟ್ಟು ವೆಲ್ಡ್ ಮಾಡುವುದೂ ಅಷ್ಟೇ, ಬಿರುಕು ತೇಪೆಯ ಅಂಚಿಗೆ ಜಾಗ ಬದಲಿಸುತ್ತದೆ.

ಬಿರುಕಿನ ತುದಿಗೆ 6 ಮಿ.ಮೀ. ಡ್ರಿಲ್ ಹೊಡೆಯುವುದು ಎರಡನೇ ಜನಪ್ರಿಯ ಮದ್ದು. ತುದಿ ಮೊಂಡಾದರೂ ಆ ಸಣ್ಣ ತೂತಿನ ಅಂಚಿನ ಸ್ಟ್ರೆಸ್ ನೋಡಿ: ಎರಡು ಪಟ್ಟು ಕೆಯನ್ನು, 3.1416 ಗುಣಿಲೆ ತ್ರಿಜ್ಯದ ವರ್ಗಮೂಲದಿಂದ ಭಾಗಿಸಬೇಕು. 3 ಮಿ.ಮೀ. ತ್ರಿಜ್ಯಕ್ಕೆ 2 × 565 ÷ 3.07 = 368. ಯೀಲ್ಡ್‌ಗಿಂತ ಮೇಲೆ. ಕೆಲವು ವಾರ ಸುಮ್ಮನಿದ್ದು ಡ್ರಿಲ್ ತೂತಿನ ಆಚೆ ಅಂಚಿನಿಂದ ಮತ್ತೆ ಹೊರಡುತ್ತದೆ.

ನನ್ನ ಸಲಹೆ, ತೂತನ್ನೇ ದೊಡ್ಡದು ಮಾಡಿ. ಕೇಳಲು ವಿಚಿತ್ರ ಅನ್ನಿಸಬಹುದು, ಲೆಕ್ಕ ನೋಡಿ. ತ್ರಿಜ್ಯ 20, ಬಿರುಕು 6, ಅದರಾಚೆ 3 ಮಿ.ಮೀ. ಸೇರಿಸಿ 29. ಅಂದರೆ 58 ಮಿ.ಮೀ. ತೂತು, ಅದೇ ಕೇಂದ್ರ. ಉಳಿದ ಅಗಲ 142, ಸರಾಸರಿ 84.5, ಗುಣಾಂಕ 2.36, ಗರಿಷ್ಠ ಸ್ಟ್ರೆಸ್ 200. ಮೊದಲಿದ್ದ 188ಕ್ಕಿಂತ ಬರೀ ಶೇ 6 ಹೆಚ್ಚು, ಬಿರುಕು ಇಲ್ಲ, ಗ್ಯಾಸ್ ಕಟ್ಟಿಂಗಿನ ಗಡಸು ಪದರವೂ ಗೀರುಗಳೂ ಹೋದವು. ನಿಜ ಹೇಳಬೇಕೆಂದರೆ ಈ ಪ್ಲೇಟ್ ಬಿರಿದದ್ದು 188ರಿಂದಲ್ಲ, ಆ ಅಂಚಿನಿಂದ. ನಯವಾದ ಅಂಚಿದ್ದರೆ ಅದೇ ತೂತು ಬಹುಕಾಲ ಬಾಳುತ್ತಿತ್ತು. 3 ಮಿ.ಮೀ. ಹೆಚ್ಚುವರಿ ಏಕೆಂದರೆ ಬಿರುಕಿನ ಮುಂಚೂಣಿ ದಪ್ಪದ ಮಧ್ಯದಲ್ಲಿ ಮುಖಕ್ಕಿಂತ ತುಸು ಮುಂದಿರುತ್ತದೆ, ಕಣ್ಣಿಗೆ ಕಾಣುವ ತುದಿ ನಿಜವಾದ ತುದಿಯಲ್ಲ.

ಪ್ಲೇಟನ್ನು ಬಿಚ್ಚಿ ಬೋರಿಂಗ್ ಮಾಡಿಸಿ, ಹ್ಯಾಂಡ್ ಗ್ರೈಂಡರ್‌ನಲ್ಲಿ ಅಗಲಿಸಬೇಡಿ. ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಂದ ಹೆಸರಾದ ಹರಿಹರ ನಿಮ್ಮ ಪಕ್ಕದಲ್ಲೇ ಇರುವಾಗ ಬೋರಿಂಗಿಗೆ ಮಷಿನ್ ಹುಡುಕುವುದು ಕಷ್ಟವಾಗಬಾರದು. ಕೊನೆಯ ಕಟ್ ಅರ್ಧ ಮಿ.ಮೀ.ಗಿಂತ ಕಡಿಮೆ ಇರಲಿ. ಎರಡೂ ಮುಖದ ಮೂಲೆಗೆ 1ರಿಂದ 2 ಮಿ.ಮೀ. ತ್ರಿಜ್ಯ ಕೊಡಿ. ಎಮರಿ 120, ಆಮೇಲೆ 240, ತೂತಿನ ಸುತ್ತಳತೆಯ ದಿಕ್ಕಿನಲ್ಲೇ ಉಜ್ಜಬೇಕು. ದಪ್ಪದ ದಿಕ್ಕಿನಲ್ಲಿ ಉಜ್ಜಿದರೆ ಪ್ರತಿ ಗೀರೂ ಎಳೆತಕ್ಕೆ ಅಡ್ಡವಾಗಿ ನಿಂತು ಹೊಸ ಬಿರುಕಿಗೆ ದಾರಿ ಮಾಡುತ್ತದೆ. ನಂತರ ಡೈ ಪೆನೆಟ್ರಂಟ್: ಒರೆಸಿ ಒಣಗಿಸಿ, ಕೆಂಪು ಡೈ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು, ಬಟ್ಟೆಯಿಂದ ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ. ಕೆಂಪು ಗೆರೆ ಕಂಡರೆ ಇನ್ನೊಂದು ಮಿ.ಮೀ. ಬೋರ್ ಮಾಡಿ ಮತ್ತೆ ನೋಡಿ. ವ್ಯಾಸ 70ರವರೆಗೂ ಇದೇ ಲೆಕ್ಕ ಹಿಡಿಯುತ್ತದೆ, ಸ್ಟ್ರೆಸ್ 210ರ ಸುಮಾರಿಗೆ ಹೋಗುತ್ತದೆ. ಅದನ್ನೂ ದಾಟುವಂತಿದ್ದರೆ ಪ್ಲೇಟ್ ಬದಲಿಸಿ.

ಹೊಸ ಪ್ಲೇಟ್ ಮಾಡುವ ಸಂದರ್ಭ ಬಂದರೆ ಪೈಪಿಗೆ ಕ್ಲ್ಯಾಂಪ್ ಹಾಕಿ ಹೊರಗಿನಿಂದ ಒಯ್ಯಿರಿ, ತೂತೇ ಬೇಡ. ಬೇಕೇ ಬೇಕೆಂದರೆ ಎಳೆತದ ದಿಕ್ಕಿನಲ್ಲಿ 80, ಅಡ್ಡಕ್ಕೆ 40 ಇರುವ ದೀರ್ಘವೃತ್ತ ತೆಗೆಯಿರಿ. ಇಂಗ್ಲಿಸ್ ಸೂತ್ರಕ್ಕೆ ಹಾಕಿದರೆ 3ರ ಜಾಗದಲ್ಲಿ 2. ಲೋಹ ಹೆಚ್ಚು ಹೋದರೂ ಸ್ಟ್ರೆಸ್ ಮೂರನೇ ಒಂದು ಭಾಗ ಇಳಿಯುತ್ತದೆ.

ಎರಡನೇ ಟೈ ಪ್ಲೇಟನ್ನು ಮರೆಯಬೇಡಿ. ಅದೇ ತೂತು, ಅದೇ ಗ್ಯಾಸ್ ಕಟ್ಟರ್, ಅಷ್ಟೇ ಸ್ಟ್ರೋಕ್. ಬಣ್ಣ ಕೆರೆದು ಡೈ ಹಾಕಿ ನೋಡಿ. ಬಿರುಕು ಕಾಣದಿದ್ದರೂ ಅಂಚನ್ನು ಕನಿಷ್ಠ 2 ಮಿ.ಮೀ. ಬೋರ್ ಮಾಡಿ ನಯಗೊಳಿಸಿ. 1 ಮಿ.ಮೀ. ಬಿರುಕಿಗೇ ಅಲ್ಲಿ ಕೆ 10 ದಾಟುತ್ತದೆ, ಅದು ಬೆಳೆಯಲು ಸಾಕು.